ಗಾಡಿಯಕ್ಕನ ಕಾಲಿಗೆ ಕಾಯಿಲೆಯಿಲ್ಲ

ಆಸ್ಪತ್ರೆಯಲ್ಲಿ ಬಟ್ಟೆ ಗಾಡಿ ತಳ್ಳುವ ಹೆಂಗಸೊಬ್ಬರಿಗೆ ಸ್ನಾಯುಗಳ ಕಾಯಿಲೆ ಇದೆಯೆಂದು ಹೇಳಿ ಕೆಲಸದಿಂದ ಹೊರಗಿಟ್ಟರು. ಅವರಿಗೆ ಕಾಯಿಲೆ ಇರಲಿಲ್ಲ.

ಈಗ ಬೆಳಗಿನ ಜಾವ. ಒಗೆಯುವ ಕೋಣೆಯ ಬಾಗಿಲು ತೆರೆದರೆ ಬಿಸಿ ಹಬೆ ಮುಖಕ್ಕೆ ರಾಚುತ್ತದೆ. ಎಲ್ಲರೂ ಗಾಡಿಯಕ್ಕ ಎಂದೇ ಕರೆಯುವ ಅವರು, ಇಸ್ತ್ರಿಯಾದ ಹಾಸುಬಟ್ಟೆಗಳನ್ನು ಎದೆಯೆತ್ತರಕ್ಕೆ ಪೇರಿಸಿದ ಗಾಡಿಗೆ ಎರಡೂ ಅಂಗೈ ಕೊಟ್ಟು, ಇಳಿಜಾರು ದಾರಿಯ ಬುಡದಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಹೊರಟ ಮೇಲೆ ನಡುವೆ ನಿಲ್ಲುವಂತಿಲ್ಲ, ನಿಂತರೆ ಗಾಡಿ ಮೈಮೇಲೆ ಬರುತ್ತದೆ. ಪಕ್ಕದಲ್ಲೇ ಲಿಫ್ಟು ಇದೆ. ಬಟ್ಟೆ ಗಾಡಿಗೆ ಅದರಲ್ಲಿ ಪ್ರವೇಶವಿಲ್ಲ. ಆಡಳಿತಾಧಿಕಾರಿಯ ಕುರ್ಚಿಗಿದೆ, ಕುರ್ಚಿಯ ಮೇಲಿನ ದಿಂಬಿಗಿದೆ, ದಿಂಬಿನ ಮೇಲೆ ಕೂರುವವರಿಗಂತೂ ಇದ್ದೇ ಇದೆ.

"ನೋಡಿ, ಮಾತಾಡ್ಕೊಂಡೇ ಹತ್ತಿಬಿಟ್ಟೆ," ಎನ್ನುತ್ತಾರೆ ಗಾಡಿಯಕ್ಕ, ಮೇಲಿನ ಮಹಡಿಯಲ್ಲಿ ಗಾಡಿಯ ಗಾಲಿಗೆ ಅಡ್ಡ ಮರದ ತುಂಡು ಇಡುತ್ತ. "ಏದುಸಿರಿಲ್ಲ. ಇದಕ್ಕೇ ನಾನು ಕಾದಿದ್ದು."

"ಅತ್ತಿಗೆ ಬಾಯಿಗೆ ಮಾತ್ರ ಯಾವತ್ತೂ ಕಾಯಿಲೆ ಬಂದಿರಲಿಲ್ಲ," ಎನ್ನುತ್ತಾರೆ ಹಿಂದಿನಿಂದ ಇನ್ನೊಂದು ಗಾಡಿ ತಳ್ಳಿಕೊಂಡು ಬಂದ ನಾದಿನಿ.

ಆದದ್ದು ಇಷ್ಟು. ಗಾಡಿ ತಳ್ಳುವವರಲ್ಲಿ ಒಂದು ರೂಢಿಯಿದೆ. ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ಅವರ ಸುತ್ತುಗಳನ್ನು ಉಳಿದವರು ಹೊಡೆಯುತ್ತಾರೆ, ಮೇಲ್ವಿಚಾರಕನ ಹತ್ತಿರ ಬಾಯಿ ಬಿಡುವುದಿಲ್ಲ. ಬಿಟ್ಟರೆ, ಮಲಗಿದವರು ಎದ್ದು ಬರುವಷ್ಟರಲ್ಲಿ ಅವರ ಗಾಡಿ ಬೇರೆಯವರ ಕೈಗೆ ಹೋಗಿರುತ್ತದೆ. ಸಿಬ್ಬಂದಿಯ ಆರೋಗ್ಯ ತಪಾಸಣೆಯ ಹಿಂದಿನ ದಿನ ನಾದಿನಿಗೆ ಜ್ವರ. ಅವರ ಪಾಲಿನ ಕೆಲಸ ಕೊಳೆ ಬಟ್ಟೆ ಇಳಿಸುವುದು, ಅದೂ ನೆಂದು ತೊಪ್ಪೆಯಾದದ್ದು. ಗಾಡಿಯಕ್ಕನಿಗೆ ಭಾರ ಹತ್ತಿಸಿ ರೂಢಿ. ಇಳಿಯುವಾಗ ಅವರ ಗಾಡಿ ಖಾಲಿ. ಅಂದು ಮಾತ್ರ ತುಂಬಿದ ಗಾಡಿ ಜಾರದಂತೆ ತೊಡೆ ಬಿಗಿಹಿಡಿದು, ಹಿಂದಕ್ಕೆ ಜಗ್ಗುತ್ತ ದಿನವಿಡೀ ಇಳಿದರು.

ಮರುದಿನ ತೆಗೆದ ರಕ್ತದಲ್ಲಿ, ಸ್ನಾಯುವಿನೊಳಗೆ ಇರಬೇಕಾದ ಕಿಣ್ವವೊಂದು ಮಿತಿಮೀರಿ ಕಂಡಿತು. "ರಕ್ತ ಕೊಡೋ ಹಿಂದಿನ ದಿನ ಜಾಸ್ತಿ ಕೆಲಸ ಏನಾದ್ರೂ ಮಾಡಿದ್ರಾ?" ಎಂದು ತಪಾಸಣೆಯವರು ಕೇಳಿದರು. "ಇಲ್ಲ ಸಾರ್, ದಿನಾ ಮಾಡೋ ಹಾಗೇ," ಅಂದರು ಗಾಡಿಯಕ್ಕ. ಆ ಒಂದು ಮಾತು ನಾದಿನಿಯ ಕೆಲಸ ಉಳಿಸಿತು, ಗಾಡಿಯಕ್ಕನ ಕೆಲಸ ಕಳೆಯಿತು.

ಸ್ನಾಯುಗಳ ಕಾಯಿಲೆ ಎಂದು ಬರೆದು, ಹುಷಾರಾಗುವ ತನಕ ಮನೆಯಲ್ಲಿರಿ ಎಂದರು. ಇದ್ದರು. ಕೂತಷ್ಟೂ ಕಾಲು ಸೋತಿತು, ಮನೆಯ ಮೆಟ್ಟಿಲೇ ಏದುಸಿರು ತರಿಸಿತು. ತಿಂಗಳುಗಳ ಮೇಲೆ ಕೆಲಸ ಕೇಳಲು ಹೋದಾಗ ಇಳಿಜಾರು ಹತ್ತಿಸಿ, ಅವರು ಏದುಸಿರು ಬಿಟ್ಟದ್ದನ್ನು ನೋಡಿದ ಮೇಲ್ವಿಚಾರಕ, "ನಾವು ಹೇಳಿದ್ದು ಸುಳ್ಳಾ?" ಎಂದು ಕೇಳಿದ. ಕಾಯಿಲೆಯೆಂದು ಕೂರಿಸಿದವರೂ ಅವರೇ, ಕೂತು ಬಂದ ಸುಸ್ತನ್ನು ಕಾಯಿಲೆಗೆ ಸಾಕ್ಷಿ ಮಾಡಿದವರೂ ಅವರೇ.

"ಕೆಲಸ ಹೋಗಿದ್ದು ಬೇರೆ ಮಾತು," ಎನ್ನುತ್ತಾರೆ ಗಾಡಿಯಕ್ಕ. "ನಿಜವಾಗ್ಲೂ ಕಾಲು ಸಾಯ್ತಿದೆಯೇನೋ ಅಂತ ಭಯ. ಆಗಾಗ ತೊಡೆ ಚಿವುಟಿ ನೋಡ್ಕೋತಿದ್ದೆ, ನೋವಾದ್ರೆ ಸಮಾಧಾನ."

ಕೊನೆಗೆ ನಾದಿನಿಗೆ ತಡೆಯಲಾಗಲಿಲ್ಲ. ಅತ್ತಿಗೆಯನ್ನು ಸ್ನಾಯುರೋಗ ತಜ್ಞೆಯ ಮುಂದೆ ಕೂರಿಸಿ, "ಮೇಡಂ, ಅವತ್ತು ನನ್ನ ಸುತ್ತೂ ಇವರೇ ಹೊಡೆದದ್ದು. ಸುಳ್ಳು ಹೇಳಿದ್ದು ನನಗೋಸ್ಕರ," ಎಂದುಬಿಟ್ಟರು.

"ತುಂಬಿದ ಗಾಡಿ ಹಿಡ್ಕೊಂಡು ಇಳಿದ್ರಾ?" ವೈದ್ಯೆ ಕೇಳಿದ್ದು ಅಷ್ಟೇ. ಮತ್ತೆ ರಕ್ತ ನೋಡಿದರೆ ಕಿಣ್ವ ಇರಬೇಕಾದಷ್ಟೇ ಇತ್ತು. ಉಳಿದ ಪರೀಕ್ಷೆಗಳಲ್ಲೂ ಏನೂ ಸಿಗಲಿಲ್ಲ.

ಭಾರ ತಡೆದು ಇಳಿಯುವಾಗ ಸ್ನಾಯು ಬಿಗಿಯುತ್ತಲೇ ಹಿಗ್ಗಬೇಕು ಎಂದು ವೈದ್ಯೆ ವಿವರಿಸುತ್ತಾರೆ. ರೂಢಿಯಿಲ್ಲದ ಎಳೆಗಳು ಅಲ್ಲಲ್ಲಿ ಸಣ್ಣಗೆ ಹರಿಯುತ್ತವೆ, ಒಳಗಿನ ಕಿಣ್ವ ರಕ್ತಕ್ಕೆ ಸೋರುತ್ತದೆ, ಕೆಲವು ದಿನಗಳಲ್ಲಿ ತಾನೇ ಇಳಿಯುತ್ತದೆ. ಇನ್ನು ವರ್ಷಗಟ್ಟಲೆ ಭಾರ ಹತ್ತಿಸಿದ ಕಾಲಿನ ಕಥೆಯೇ ಬೇರೆ. ಅದರ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಗಳು, ಅಂದರೆ ಉಸಿರಿನ ಆಮ್ಲಜನಕದಿಂದ ಶಕ್ತಿ ತೆಗೆಯುವ ಪುಟ್ಟ ಒಲೆಗಳು, ಹೆಚ್ಚುತ್ತವೆ. ಸುತ್ತ ಕೂದಲಿಗಿಂತ ನವಿರಾದ ರಕ್ತನಾಳಗಳು ಹೊಸದಾಗಿ ಚಿಗುರುತ್ತವೆ. ಸುಮ್ಮನೆ ಕೂರಿಸಿದರೆ ಈ ಒಲೆಗಳು ಕಡಿಮೆಯಾಗುತ್ತವೆ, ಅದಕ್ಕೇ ಮೆಟ್ಟಿಲು ಹತ್ತಲೂ ಏದುಸಿರು. ಮತ್ತೆ ದುಡಿದರೆ ಮತ್ತೆ ಹುಟ್ಟುತ್ತವೆ.

"ಆದ್ರೆ ಒಂದು ಮಾತು," ಎಂದರಂತೆ ವೈದ್ಯೆ. "ತಳ್ಳುವಾಗ ಕಾಲಿಗೆ ಬರೀ ಸುದ್ದಿ ಮುಟ್ಟುತ್ತೆ. ಒಳಗೆ ಒಲೆ ಕಟ್ಟೋ ಕೆಲಸ ಬಹಳಷ್ಟು ನಡೆಯೋದು ನೀವು ಕೂತಾಗ. ನಡುನಡುವೆ ಕೂರಲೇಬೇಕು."

"ಅಂದ್ರೆ ನಾನು ಸಾಯ್ತಿಲ್ಲ."

"ಇಲ್ಲಮ್ಮ."

ಅಂದು ಇಬ್ಬರೂ ನಡೆದೇ ಮನೆಗೆ ಹೋದರು. ಏದುಸಿರು ಬರಿಸುತ್ತಿದ್ದ ಅದೇ ಮೆಟ್ಟಿಲ ಮೇಲೆ ಕೂತು, ಅಕ್ಕಪಕ್ಕದವರು ಇಣುಕಿ ನೋಡುವಷ್ಟು ನಕ್ಕರು. "ಇನ್ಮೇಲೆ ನನ್ನ ಸುತ್ತು ಮುಟ್ಟಬೇಡಿ ಅತ್ತಿಗೆ," ಎಂದರು ನಾದಿನಿ. "ಮುಟ್ಟಲ್ಲ ಕಣೇ. ನಿನಗೆ ಜ್ವರ ಬರೋದೂ ಕೊಳೆ ಬಟ್ಟೆ ಗುಡ್ಡೆ ಬಿದ್ದ ದಿನಾನೇ."

ವೈದ್ಯೆಯ ಒತ್ತಾಯಕ್ಕೆ ಕೆಲಸ ಮರಳಿತು. ಮೊದಮೊದಲು ಖಾಲಿ ಗಾಡಿ, ಆಮೇಲೆ ಅರ್ಧ, ಈಗ ಪೂರ್ತಿ. ತಪ್ಪಾಯಿತು ಎಂದು ಯಾರೂ ಹೇಳಿಲ್ಲ. ಅವರನ್ನು ಕೆಲಸದಿಂದ ಹೊರಗೆ ದೂಡುವಾಗ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಕ್ಷಮೆ ಕೇಳುವುದಕ್ಕೆ ಮಾತ್ರ ಮೇಲಿನವರ ಅಪ್ಪಣೆ ಬೇಕು.

ಬಿಸಿಲು ಕಿಟಕಿಗೆ ಬಂದಿದೆ. ಗಾಡಿಯಕ್ಕ ಮತ್ತು ನಾದಿನಿ ಬೋರಲು ಹಾಕಿದ ಬಕೆಟ್ಟುಗಳ ಮೇಲೆ ಕಾಲು ಚಾಚಿ ಕೂತಿದ್ದಾರೆ. ಮೇಲ್ವಿಚಾರಕ ಬರುತ್ತಾನೆ.

"ಡಾಕ್ಟರೇ ಹೇಳಿದಾರಲ್ಲ, ಕಾಲು ಗಟ್ಟಿ ಅಂತ. ಎರಡು ಗಾಡಿ ಒಟ್ಟಿಗೆ ಕಟ್ಟಿದೀನಿ. ಏಳಿ, ತಗೊಂಡು ಹೋಗಿ."

ಗಾಡಿಯಕ್ಕ ತಮ್ಮ ಮೊಣಕಾಲನ್ನು ಒಮ್ಮೆ ನೋಡಿಕೊಳ್ಳುತ್ತಾರೆ.

"ಎರಡು ತಳ್ಳಲ್ಲ ಸಾರ್. ಆ ಒಂದಕ್ಕೂ ಈಗ ಏಳಲ್ಲ."

"ಏನ್ ಮಾಡ್ತಿದೀರ ಇಲ್ಲಿ ಸುಮ್ನೆ ಕೂತು?"

"ಸುಮ್ನೆ ಎಲ್ಲಿ? ಒಳಗೆ ಒಲೆ ಕಟ್ಟೋ ಕೆಲಸ ನಡೀತಿದೆ," ಎಂದು ಗಾಡಿಯಕ್ಕ ಇನ್ನೊಂದು ಕಾಲನ್ನೂ ಪೂರ್ತಿ ಚಾಚುತ್ತಾರೆ.