ದೊಚ್ಕಜ್ಜಿಗೆ ಬಿಟ್ಟ ಜಾಗ

ರೋದೊಪಿ ಬೆಟ್ಟದ ಬುಡದ ನಮ್ಮೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಸೆವ್ದಾಗೆ ಪುಟದಲ್ಲಿ ಬೇಡದ ಜಾಗ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಯಾರಾದರೂ ಸಾಲುಗಳನ್ನು ಅಡ್ಡಾದಿಡ್ಡಿ ಮುರಿದು ಟೈಪ್ ಮಾಡಿ ತಂದರೆ, "ಏನ್ರೀ, ಕೀಬೋರ್ಡ್ ಮೇಲೆ ಬೆಕ್ಕು ಮಲಗಿಸಿದ್ರಾ?" ಎಂದು ಎಲ್ಲರೆದುರೇ ಹಂಗಿಸುತ್ತಿದ್ದಳು. ಆಮೇಲೆ ಒಂದೇ ಏಟಿಗೆ ಅಷ್ಟನ್ನೂ ಅಳಿಸಿ ಬೀಗುತ್ತಿದ್ದಳು. ಆ ಬಿಂಕ ನನಗಂತೂ ಸಹಿಸೋಕಾಗ್ತಿರಲಿಲ್ಲ.

ದೊಚ್ಕಜ್ಜಿಯ ಗಂಡ ತೀರಿಕೊಂಡಾಗ ಗೋರಿಕಲ್ಲಿನ ಬರಹವೂ ಸೆವ್ದಾಳ ಕೈಗೇ ಬಂತು. ನಮ್ಮಲ್ಲಿ ಗಂಡ ಹೋದರೆ, ಬದುಕಿರುವ ಹೆಂಡತಿಯ ಹೆಸರನ್ನೂ ಅದೇ ಕಲ್ಲಿಗೆ ಹಾಕಿಸುತ್ತೇವೆ. ಹುಟ್ಟಿದ ವರ್ಷದ ಪಕ್ಕ ಗೆರೆ ಎಳೆದು, ಸಾಯುವ ವರ್ಷಕ್ಕೆಂದು ಮುಂದೆ ಜಾಗ ಬಿಡುತ್ತೇವೆ. ಅದು ಸೆವ್ದಾಗೂ ಗೊತ್ತಿತ್ತು. ಆದರೆ ಕೈ ಕೇಳಬೇಕಲ್ಲ! ಖಾಲಿ ಜಾಗ, ಸಾಲಿನ ಮುರಿತ ಎಲ್ಲ ಅಳಿಸಿ ಕಳಿಸಿಬಿಟ್ಟಳು. ಪಟ್ಟಣದ ಕೆತ್ತನೆ ಯಂತ್ರ ಬಂದದ್ದನ್ನು ಬಂದ ಹಾಗೇ ಕೆತ್ತಿತು. ಅಜ್ಜಿಯ ಹೆಸರಿನ ಮುಂದಿನ ಗೆರೆಗೆ "ಮಕ್ಕಳು, ಮೊಮ್ಮಕ್ಕಳಿಂದ" ಎಂಬ ಕೊನೆಯ ಸಾಲು ಬಂದು ಅಂಟಿಕೊಂಡಿತ್ತು.

ಕಲ್ಲು ನಿಲ್ಲಿಸಿದ ದಿನ ಊರೆಲ್ಲ ಅಲ್ಲೇ ಇತ್ತು. ಅಜ್ಜಿ ಆ ಗೆರೆಯ ಮೇಲೆ ಬೆರಳಾಡಿಸಿ, "ನನಗೆ ಜಾಗಾನೇ ಬಿಟ್ಟಿಲ್ವಲ್ಲೇ ಸೆವ್ದಾ! ಇನ್ನು ನಾನೆಲ್ಲಿಗೆ ಹೋಗ್ಲೇ ತಾಯಿ?" ಅಂದಳು. ಬೈಯಲಿಲ್ಲ. ತೀರಿಕೊಂಡವನ ಹೆಸರಲ್ಲಿ ಎಲ್ಲರಿಗೂ ಹಂಚಿದ ಹಾಗೇ ಅವಳ ಅಂಗೈಗೂ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ ಹಾಕಿದಳು. ಸೆವ್ದಾ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅಂಗಡಿಗೆ ವಾಪಸಾದಳು.

ಈಗ ಯಾರು ಪುಟ ತಂದರೂ ಅವಳು ತಲೆ ಎತ್ತದೆ ಕೇಳುತ್ತಾಳೆ: "ಈ ಜಾಗ ಯಾರಿಗೆ ಬಿಟ್ಟಿದ್ದು?"