ಯಾವ ಹುಲಿ ಬರ್ತದೆ, ನೋಡುವ

ದಸರಾ ರಜೆ ಮುಗಿದು ಕಾಲೇಜು ಶುರುವಾದಾಗ ನಮ್ಮ ಝುವಾಲಜಿ ಸರ್ ಅವರ ಬಲಗೈ ಹೆಬ್ಬೆರಳಿನ ಉಗುರು ಕಪ್ಪಗಿರುತ್ತಿತ್ತು. ಉಗುರಿನ ಸುತ್ತ ಹಳದಿ ಗೆರೆ. ಅದೇ ಬೆರಳಲ್ಲಿ ಸೀಮೆಸುಣ್ಣ ಹಿಡಿದು ಅವರು ಹಲಗೆಯ ಮೇಲೆ ಹೃದಯದ ಕೋಣೆಗಳನ್ನು ಬರೆಯುವಾಗ ನಾವು ಹುಡುಗಿಯರು ಹೃದಯ ಬಿಟ್ಟು ಉಗುರನ್ನೇ ನೋಡಿ ಮುಸಿಮುಸಿ ನಗುತ್ತಿದ್ದೆವು. ಮೂಡುಬಿದಿರೆಯಲ್ಲಿ ಪಾಠ ಮಾಡುವ, ಇಸ್ತ್ರಿ ಅಂಗಿಯ, ಮೆತ್ತಗೆ ಮಾತಾಡುವ ಈ ತೆಳ್ಳಗಿನ ಮನುಷ್ಯ ನವರಾತ್ರಿಯಿಡೀ ಬಂಟ್ವಾಳದ ಒಂದು ಗೋದಾಮಿನಲ್ಲಿ ನಿಂತು ಹುಲಿವೇಷದವರ ಮೈಮೇಲೆ ಬಣ್ಣ ಬರೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನಂಬುವುದು ಮಾತ್ರ ಕಷ್ಟವಾಗಿತ್ತು.

ನನಗೋ, ಚಿತ್ರ ಬರೆಯಲು ಬರುತ್ತದೆ ಎಂಬ ಜಂಬ. ನನ್ನ ರೆಕಾರ್ಡ್ ಪುಸ್ತಕವನ್ನು ಇಡೀ ತರಗತಿ ಕೈಯಿಂದ ಕೈಗೆ ದಾಟಿಸಿ ನೋಡುತ್ತಿತ್ತು. ಒಮ್ಮೆ ಲ್ಯಾಬಿನಲ್ಲಿ ಬಾಟಲಿಯೊಳಗಿನ ಕಪ್ಪೆಯನ್ನು ನೋಡಿ ಬರೆಯಲು ಹೇಳಿದರು. ನಾನು ಬಾಟಲಿಯ ಕಡೆ ತಿರುಗಿಯೂ ನೋಡದೆ ಪಠ್ಯಪುಸ್ತಕದ ಕಪ್ಪೆಯನ್ನು ನೆನಪಿನಿಂದ ಇಳಿಸಿಬಿಟ್ಟೆ. ಸರ್ ಪುಸ್ತಕ ಎತ್ತಿ ಬಾಟಲಿಯ ಪಕ್ಕಕ್ಕೆ ಹಿಡಿದರು.

"ಚೆಂದ ಉಂಟು. ಪುಸ್ತಕದ್ದಕ್ಕಿಂತಲೂ ಚೆಂದ ಉಂಟು. ಆದ್ರೆ ಮಾರಾಯ್ತಿ, ಈ ಬಾಟಲಿಯಲ್ಲಿರುವುದಕ್ಕೆ ಹಿಂಗಾಲಿನ ಒಂದು ಬೆರಳು ಇಲ್ಲ. ನೀನು ಎಲ್ಲ ಬೆರಳೂ ಕೊಟ್ಟಿದ್ದೀ. ಪಾಪ, ಅದಕ್ಕೆ ಖುಷಿ ಆದೀತು."

ಬೈಯಲಿಲ್ಲ, ಅಂಕವನ್ನೂ ಕಡಿಮೆ ಮಾಡಲಿಲ್ಲ. ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆ.

ಡಿಗ್ರಿ ಮುಗಿಸಿ ಬೆಳ್ತಂಗಡಿಯ ಬಸ್ ನಿಲ್ದಾಣದ ಹತ್ತಿರ ಫ್ಲೆಕ್ಸ್ ಡಿಸೈನಿನ ಅಂಗಡಿ ಹಾಕಿದೆ. ಗೃಹಪ್ರವೇಶ, ಭಜನಾ ಮಂಗಲ, ಹುಟ್ಟುಹಬ್ಬದ ಶುಭಾಶಯ. ಇಂಟರ್ನೆಟ್ಟಿನಿಂದ ಹೂವು ಇಳಿಸುವುದು, ಅದರ ನಡುವೆ ಯಾರದೋ ಮುಖ ಕೂರಿಸುವುದು. ವ್ಯಾಪಾರ ಚೆನ್ನಾಗಿಯೇ ನಡೆಯಿತು. ಆದರೆ ಸಂಜೆ ಶಟರ್ ಎಳೆಯುವಾಗ, ಇವತ್ತು ನನ್ನದು ಅನ್ನುವ ಒಂದು ಗೆರೆಯನ್ನಾದರೂ ಎಳೆದೆನೇ ಎಂದು ಕೇಳಿಕೊಳ್ಳುತ್ತಿದ್ದೆ. ಅಂಥ ಒಂದು ಸಂಜೆ ಸರ್ ಹುಲಿ ತಂಡದ ಬ್ಯಾನರ್ ಮಾಡಿಸಲು ಬಂದರು. ಬಣ್ಣ ಬರೆಯುವುದನ್ನು ನಾನೂ ನೋಡಬಹುದೇ ಎಂದು ಕೇಳಿಯೇ ಬಿಟ್ಟೆ. "ಬಾ, ಅದಕ್ಕೆಂತ" ಎಂದರು, ಅಂಗಡಿಯಿಂದ ಹಾಲು ತರಲು ಕರೆದಷ್ಟು ಸಲೀಸಾಗಿ.

ಆ ಗೋದಾಮು ಈಗಲೂ ನನ್ನ ಕನಸಿನಲ್ಲಿ ಬರುತ್ತದೆ. ಹಳೆಯ ಹೆಂಚಿನ ಮಾಡು, ನಡುವೆ ಗಾಜಿನ ಹೆಂಚು. ಅಲ್ಲಿಂದ ಇಳಿದ ಬಿಸಿಲಿನ ಕಂಬದಲ್ಲಿ ಲೋಬಾನದ ಹೊಗೆ ಮೆಲ್ಲಗೆ ಸುತ್ತುತ್ತಿತ್ತು. ಅಡ್ಡಕ್ಕೆ ಕಟ್ಟಿದ ಬಿದಿರಿನ ಗಳಕ್ಕೆ ಕೈ ಊರಿ, ಮೈತುಂಬ ಹಳದಿ ಬಳಿಸಿಕೊಂಡ ಗಂಡಸರು ಕಣ್ಣು ಮುಚ್ಚಿ ನಿಂತಿದ್ದರು. ಕೂರುವಂತಿಲ್ಲ, ಕೆರೆಯುವಂತಿಲ್ಲ. ಬಣ್ಣ ಒಣಗುವವರೆಗೆ ಮಾತೂ ಕಡಿಮೆ. ಅವರು ಇನ್ನೂ ಹುಲಿಯಾಗಿರಲಿಲ್ಲ, ಮನುಷ್ಯರಾಗಿಯೂ ಉಳಿದಿರಲಿಲ್ಲ. ಅವರ ನಡುವೆ ಸರ್ ಲುಂಗಿ ಎತ್ತಿ ಕಟ್ಟಿ, ಬರಿಗಾಲಲ್ಲಿ, ನಿದ್ದೆಯಲ್ಲಿ ನಡೆಯುವವರ ಹಾಗೆ ಓಡಾಡುತ್ತಿದ್ದರು.

ಅವರ ಕ್ರಮ ಒಂದೇ. ಮೊದಲು ಮನುಷ್ಯನ ಸುತ್ತ ಒಂದು ಸುತ್ತು ಬರುವುದು. ಆಮೇಲೆ ಬೆನ್ನಿನ ಮೇಲೆ ಅಂಗೈ ಇಟ್ಟು, "ಉಸಿರು ಬಿಡು" ಎನ್ನುವುದು. ಚರ್ಮ ಎಲ್ಲಿ ಮೊದಲು ಅಲುಗುತ್ತದೋ ಅಲ್ಲಿಂದ ಮೊದಲ ಪಟ್ಟೆ. ಪೆನ್ಸಿಲ್ ಗುರುತು ಇಲ್ಲ, ಅಳತೆ ಇಲ್ಲ. ಬ್ರಷ್ ಸಾಲದೆಡೆ ಹೆಬ್ಬೆರಳು. "ಸರ್, ಹೇಗೆ ಬರ್ತದೆ?" ಎಂದು ಯಾರಾದರೂ ಕೇಳಿದರೆ ತುಳುವಿನಲ್ಲಿ "ತೂಕ" ಅನ್ನುವರು. ಅಂದರೆ ನೋಡುವ, ಅಷ್ಟೇ. ಇನ್ನೊಂದು ನಿಯಮವೂ ಇತ್ತು. ಕುಣಿತಕ್ಕೆ ತಾಸೆ ವಾದ್ಯ ಬಡಿಯಲು ಶುರುವಾಗುವ ತನಕ ವೇಷದವರು ಕನ್ನಡಿ ನೋಡಬಾರದು. ಮೊದಲು ನೋಡಿಕೊಂಡರೆ ಕನ್ನಡಿಯ ಹುಲಿಯನ್ನೇ ಕುಣಿಸುತ್ತಾರೆ, ಒಳಗಿನದು ಹೆದರಿ ಕೂತುಬಿಡುತ್ತದೆ ಎಂದು ಅವರ ವಾದ.

ದುಬೈಯಿಂದ ರಜೆ ಹಾಕಿ ಬಂದಿದ್ದ ಒಬ್ಬ ಯುವಕ ಮೊಬೈಲಿನಲ್ಲಿ ಬಂಗಾಳದ ಹುಲಿಯ ಫೋಟೋ ತಂದು ಮುಂದೆ ಹಿಡಿದ. "ಸರ್, ಸೇಮ್ ಇದೇ ಬೇಕು."

ಸರ್ ಕನ್ನಡಕ ಏರಿಸಿ ನೋಡಿದರು. "ಒಳ್ಳೆ ಹುಲಿ ಮಾರಾಯ. ಆದ್ರೆ ಇದು ಅದರ ಚರ್ಮದ ಲೆಕ್ಕ. ನಿನ್ನ ಹೆಗಲಲ್ಲಿ ಬೇರೆ ಎಂತದೋ ಉಂಟು."

"ಎಂತ ಉಂಟು ಸರ್?"

"ನನಗೂ ಗೊತ್ತಿಲ್ಲ. ನೀನು ಸ್ವಲ್ಪ ಸುಮ್ಮನೆ ನಿಲ್ಲು."

ಅವನು ಮುಖ ಊದಿಸಿಕೊಂಡೇ ನಿಂತ. ತಾಸೆ ಬಡಿದಾಗ ಕನ್ನಡಿಯ ಮುಂದೆ ಹೋದವನು ತಿರುಗಿ ಬಂದು ಸರ್ ಕಾಲು ಮುಟ್ಟಿದ. ಆಮೇಲೆ ಕುಣಿದನಲ್ಲ, ಅವನ ತಾಯಿಯೇ ಗುರುತು ಹಿಡಿಯದ ಹಾಗೆ ಕುಣಿದ.

ಅಂದು ಊರಿಗೆ ಮರಳುವ ಬಸ್ಸಿಗೆ ಕಾಯುತ್ತಿದ್ದಾಗ ಸರ್ ನನಗೆ ಹೇಳಿದ್ದರು, "ಹುಲಿಯ ಕೂದಲು ಬೋಳಿಸಿದರೂ ಕೆಳಗೆ ಚರ್ಮದಲ್ಲಿ ಪಟ್ಟೆ ಇರ್ತದೆ, ಗೊತ್ತುಂಟಾ? ಒಂದರ ಹಾಗೆ ಇನ್ನೊಂದು ಇಲ್ಲ. ಕ್ಲಾಸಿನಲ್ಲಿ ಅದನ್ನು ಪಾಠ ಮಾಡ್ತೇನೆ. ಇಲ್ಲಿ ಬಂದರೆ ಅದನ್ನು ನಂಬ್ತೇನೆ, ಅಷ್ಟೇ ವ್ಯತ್ಯಾಸ."

ಅಂದಿನಿಂದ ಪ್ರತಿ ನವರಾತ್ರಿಗೆ ನಾನೂ ಹೋಗತೊಡಗಿದೆ. ಹೆಂಗಸು ಬಂದಳೆಂದು ಆರಂಭದಲ್ಲಿ ಟವೆಲ್ ಹುಡುಕುತ್ತಿದ್ದವರು ಆಮೇಲೆ "ಅಕ್ಕ, ಇಲ್ಲೊಂದು ಕಡೆ ಬಿಟ್ಟುಹೋಗಿದೆ" ಎಂದು ಕರೆಯುವಷ್ಟು ಪಳಗಿದರು. ಸರ್ ಬರೆದ ಪಟ್ಟೆಗಳ ಅಂಚು ತಿದ್ದುವುದು, ಕಾಲಿನ ಸಣ್ಣ ಗೆರೆ, ಬಾಲದ ಬಳೆ, ಎಲ್ಲ ನನ್ನ ಕೆಲಸ. ಮೊದಲ ಪಟ್ಟೆಯನ್ನು ಮಾತ್ರ ನಾನು ಮುಟ್ಟುತ್ತಿರಲಿಲ್ಲ. ಅವರು ಎಷ್ಟೋ ಸಲ ಬ್ರಷ್ ಚಾಚಿದ್ದುಂಟು. ಏನೂ ಇಲ್ಲದ ಹಳದಿ ಬೆನ್ನು ಎದುರಿಗೆ ಬಂದರೆ ನಾನು ಬ್ರಷ್ಷನ್ನು ಅವರಿಗೇ ಮರಳಿಸುತ್ತಿದ್ದೆ. ನೋಡಿ ಬರೆಯಲು ಏನಾದರೂ ಬೇಕಿತ್ತು ನನಗೆ.

ಅವರು ಮಾತ್ರ ಒಂದು ವರ್ಷವೂ ವೇಷ ಹಾಕಿದವರಲ್ಲ. ಹಾಗೆ ನೋಡಿದರೆ ಹಾಕಲೇಬೇಕಿತ್ತು. ಹಸುಗೂಸಾಗಿದ್ದಾಗ ಜ್ವರ ತಲೆಗೇರಿ ಬದುಕುವುದಿಲ್ಲ ಎಂದಾದಾಗ, ಉಳಿದರೆ ಇವನ ಕೈಯಲ್ಲಿ ಹುಲಿವೇಷ ಹಾಕಿಸುತ್ತೇನೆಂದು ಅವರ ತಾಯಿ ದೇವಿಗೆ ಹರಕೆ ಹೇಳಿದ್ದರಂತೆ. ಮಗು ಉಳಿಯಿತು, ಮೇಷ್ಟ್ರಾಯಿತು, ಹರಕೆ ಹಾಗೆಯೇ ಬಾಕಿ. ಕೇಳಿದರೆ, "ನಾನು ಕುಣಿಯಲು ಹೋದರೆ ಉಳಿದವರಿಗೆ ಬರೆಯುವುದು ಯಾರು?" ಎಂದು ಜಾರಿಕೊಳ್ಳುತ್ತಿದ್ದರು. ನಿಜವೇನೆಂದರೆ ಅವರಿಗೆ ನಾಚಿಕೆ. ತನ್ನ ಕಾಲುಗಳು ಕೊಕ್ಕರೆಯ ಕಾಲು ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ನಿವೃತ್ತಿಯ ನಂತರದ ಮಳೆಗಾಲದಲ್ಲಿ ಅವರ ಕಣ್ಣು ಹಳದಿಯಾಯಿತು, ಆಮೇಲೆ ಮೈ. ಕಾಮಾಲೆ ಎಂದು ಮದ್ದು ಮಾಡುತ್ತಿದ್ದಂತೆ ಅದು ಪಿತ್ತಕೋಶದ ಕ್ಯಾನ್ಸರ್ ಎಂದು ತಿಳಿಯಿತು. ಮಾಡುವಂಥದ್ದೇನೂ ಉಳಿದಿಲ್ಲವೆಂದು ಆಸ್ಪತ್ರೆಯವರು ಮನೆಗೆ ಕಳುಹಿಸಿದರು. ನಾನು ನೋಡಲು ಹೋದಾಗ ಮಂಚದಲ್ಲಿ ಒರಗಿಕೊಂಡು ಅಂಗೈ ತಿರುಗಿಸಿ ತೋರಿಸಿದರು.

"ನೋಡು, ಹಳದಿ ಕೋಟಿಂಗ್ ದೇವಿಯೇ ಮಾಡಿ ಕಳಿಸಿದ್ದಾಳೆ. ಇನ್ನು ಪಟ್ಟೆ ಮಾತ್ರ ಬಾಕಿ. ಈ ನವರಾತ್ರಿಗೆ ಹರಕೆ ತೀರಿಸುವ. ನೀನು ಬರಿ."

ಅವರ ಹೆಂಡತಿ, ನಾನು ಅಕ್ಕ ಎಂದೇ ಕರೆಯುತ್ತಿದ್ದವರು, ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಬಣ್ಣ ಮೆತ್ತಿದ ಬಟ್ಟೆ ಒಗೆದೂ ಒಗೆದೂ ಈ ಹುಲಿಗಳ ಮೇಲೆ ಜೀವನವಿಡೀ ರೇಗಿದವರು ಅವರು. ಪೇಂಟು ಆ ಚರ್ಮಕ್ಕೆ ಆಗದು ಎಂದು ಡಾಕ್ಟರು ಹೇಳಿದಾಗ ಅವರೇ ಹಣತೆ ಹಚ್ಚಿ, ಮಸಿ ಹಿಡಿದು, ತೆಂಗಿನೆಣ್ಣೆಯಲ್ಲಿ ಕಲಸಿ, ಮಗುವಿಗೆ ಹಚ್ಚುವಂಥ ಕಾಡಿಗೆಯನ್ನು ಬಟ್ಟಲು ತುಂಬ ಮಾಡಿಟ್ಟರು.

ನವರಾತ್ರಿಯಲ್ಲಿ ಹರಕೆಯ ದಿನ ಮಧ್ಯಾಹ್ನ ನಾನು ಹುಲಿಯ ಬೆನ್ನಿನ ಒಂದು ಪ್ರಿಂಟ್ ತೆಗೆದು ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ಸರ್ ಚಾವಡಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದರು, ಬೆನ್ನು ನನ್ನ ಕಡೆ. ನಿಲ್ಲುವ ಶಕ್ತಿ ಇರಲಿಲ್ಲ. ಅಂಗಳದಲ್ಲಿ ತಂಡದವರು ತಾಸೆಯ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದರು. ನಾನು ಪ್ರಿಂಟ್ ಬಿಡಿಸಿದ ಸದ್ದು ಸರ್ ಅವರಿಗೆ ಕೇಳಿಸಿರಬೇಕು.

"ಕಾಗದ ತಂದಿದ್ದೀಯಾ?"

"ಹೌದು ಸರ್. ಹೆದರಿಕೆ ಆಗ್ತದೆ."

"ಆಗ್ಲಿ. ನನಗೂ ಪ್ರತಿ ಸಲ ಆಗ್ತದೆ. ಕಾಗದ ಅತ್ತ ಇಡು. ನಾನು ಉಸಿರು ಬಿಡ್ತೇನೆ, ನೋಡು."

ಅಷ್ಟು ವರ್ಷ ಅವರಿಗೂ ಹೆದರಿಕೆಯಾಗುತ್ತಿತ್ತು ಎಂಬುದು ನನಗೆ ಆಗಲೇ ತಿಳಿದದ್ದು. ಬೆನ್ನಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಪಕ್ಕೆಲುಬುಗಳು ಮೆಲ್ಲಗೆ ಎದ್ದವು, ಇಳಿದವು. ಎಡಗಡೆ, ಹೆಗಲ ಮೂಳೆಯ ಕೆಳಗೆ, ಚರ್ಮ ಒಂದಿಷ್ಟು ನಡುಗಿತು. ನನ್ನ ಹೆಬ್ಬೆರಳು ಅಲ್ಲಿಗೆ ಹೋಯಿತು. ಆಮೇಲಿನದನ್ನು ನಾನು ಸರಿಯಾಗಿ ಹೇಳಲಾರೆ. ಒಂದು ಪಟ್ಟೆ ಎಲುಬಿನ ನೆರಳಲ್ಲಿ ಇಳಿಯಿತು, ಇನ್ನೊಂದು ಅದನ್ನು ಹುಡುಕಿಕೊಂಡು ಬಂತು. ಎಲ್ಲೋ ಒಂದು ಕಡೆ ಗೆರೆ ಒಡೆದು ಎರಡಾಯಿತು, ನಾನು ತಡೆಯಲಿಲ್ಲ. ಬಿಸಿಲು ಚಾವಡಿಯ ಕಂಬ ದಾಟಿ ಒಳಗೆ ಬಂದದ್ದು, ಅಕ್ಕ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತದ್ದು, ಯಾವುದೂ ನನ್ನ ಗಮನಕ್ಕೆ ಬರಲಿಲ್ಲ. ಕೈ ನಿಂತಾಗ ಎದುರಿಗೆ ಒಂದು ಬಡಕಲು ಮುದಿ ಹುಲಿ ಕೂತಿತ್ತು. ಅಂಥದ್ದನ್ನು ನಾನು ಯಾವ ಚಿತ್ರದಲ್ಲೂ ನೋಡಿರಲಿಲ್ಲ. ಅಷ್ಟು ಚೆಂದ ಇತ್ತು. ನಾನು ಅತ್ತುಬಿಟ್ಟೆ.

ತಾಸೆ ಬಡಿಯಿತು. ಇಬ್ಬರು ಹುಡುಗರು ತೋಳು ಹಿಡಿದು ಎಬ್ಬಿಸಿದರು. ಅಂಗಳಕ್ಕಿಳಿದ ಸರ್, ಸ್ವಲ್ಪ ಹೊತ್ತಿನಲ್ಲೇ ಅವರ ಕೈ ಬಿಡಿಸಿಕೊಂಡರು. ಮೊಣಕಾಲು ಬಾಗಿಸಿ ಕೆಲವೇ ಹೆಜ್ಜೆ. ಕತ್ತು ಓರೆ ಮಾಡಿ ನಮ್ಮತ್ತ ನೋಡಿದರಲ್ಲ, ಆ ನೋಟದಲ್ಲಿ ನಮ್ಮ ಮೆತ್ತಗಿನ ಸರ್ ಇರಲಿಲ್ಲ. ತಂಡದ ಹಿರಿಯರು ಕೈ ಮುಗಿದರು. ಹರಕೆ ಸಂದಿತು.

ಒಳಗೆ ಕರೆತಂದ ಮೇಲೆ ಅಕ್ಕ ಕನ್ನಡಿ ತಂದು ಹಿಡಿದರು. ಸರ್ ಮಂಚಕ್ಕೆ ಒರಗಿ ಕಣ್ಣು ಮುಚ್ಚಿದ್ದರು, ಮುಖದಲ್ಲಿ ನಗು.

"ನೋಡಿ, ತಾಸೆ ಆಯ್ತಲ್ಲ" ಎಂದರು ಅಕ್ಕ.

"ಮತ್ತೆ ನೋಡುವ, ಸ್ವಲ್ಪ ಕಳೆದು."

ಆ ‘ಮತ್ತೆ’ ಬರಲಿಲ್ಲ. ಮೈ ಒರೆಸಲು ಬಿಡಲಿಲ್ಲ, ಕನ್ನಡಿಯನ್ನೂ ಕೇಳಲಿಲ್ಲ. ವಿಜಯದಶಮಿಯ ಮರುದಿನ ಬೆಳಿಗ್ಗೆ ತೀರಿಕೊಂಡರು. ಈಗ ಹಳದಿ ಬೆನ್ನಿನ ಮುಂದೆ ಮೊದಲ ಪಟ್ಟೆಗೆ ನಿಲ್ಲುವವಳು ನಾನು. ಹೆದರಿಕೆ ಹೋಗಿಲ್ಲ, ಆದರೆ ಚೀಲದಲ್ಲಿ ಕಾಗದ ಒಯ್ಯುವುದನ್ನು ಬಿಟ್ಟಿದ್ದೇನೆ. ಬದುಕಿನಲ್ಲಿ ನನಗೆ ಯಾರೂ ಇಷ್ಟು ದೊಡ್ಡದನ್ನು ಕೊಟ್ಟಿಲ್ಲ.

ತೀರಿಕೊಂಡ ದಿನ ಸರ್ ಅವರನ್ನು ಅಂಗಳದಲ್ಲಿ ಸ್ನಾನ ಮಾಡಿಸಲು ಮಲಗಿಸಿದಾಗ ನೆಂಟರೊಬ್ಬರು ಸೀಗೆಪುಡಿ ಕೇಳಿದರು. ಮೈ ಶುದ್ಧವಾಗಬೇಕಲ್ಲ, ಈ ಮಸಿ ತಿಕ್ಕಿ ತೆಗೆಯಬೇಕು ಎಂದರು. ಅಕ್ಕ ತಲೆಬಾಗಿಲಿನಿಂದ ಎದ್ದು ಬಂದು ಅವರ ಕೈ ಹಿಡಿದರು.

"ಉಜ್ಜಬೇಡಿ. ಅವರು ಇನ್ನೂ ನೋಡ್ಲಿಲ್ಲ."

ಬರೀ ನೀರು ಹೊಯ್ದರು. ಎಣ್ಣೆ ಮಸಿಯ ಮೇಲೆ ನೀರು ಹನಿಹನಿಯಾಗಿ ಜಾರಿ ಹೋಯಿತು, ಪಟ್ಟೆಗಳು ಹಾಗೆಯೇ ಉಳಿದವು.