ಬ್ಯಾಪ್ಟಿಸ್ಟರ ತೊಟ್ಟಿಯಲ್ಲಿ ಡಿಕ್ಸನ್‌ನ ಬೆರಳು

ಮಂಗಳೂರಿನ ಡಿಕ್ಸನ್ ಲೋಬೊ ಹುಟ್ಟಾ ಕೆಥೊಲಿಕ್. ಅನ್ನ ಹಾಕುತ್ತಿರುವುದು ಮಾತ್ರ ಪ್ರೊಟೆಸ್ಟಂಟರಲ್ಲೇ ಒಂದು ಪಂಗಡವಾದ ಬ್ಯಾಪ್ಟಿಸ್ಟರು ನಡೆಸುವ ಸಿಡ್ನಿಯ ಒಂದು ಖಾಸಗಿ ವಿಶ್ವವಿದ್ಯಾಲಯ. ಕಟ್ಟಡಗಳ ಉಸ್ತುವಾರಿ ಅವನ ಕೆಲಸ. ಸೇರಬಯಸುವವರಿಗೆ ಕ್ಯಾಂಪಸ್ ತೋರಿಸುವ ಓಪನ್ ಡೇ ಬಂತೆಂದರೆ ಗೈಡ್ ಕೂಡ ಅವನೇ. ಸಂಸ್ಥೆಯ ಇತಿಹಾಸ ತನ್ನಷ್ಟು ಪ್ರೊಫೆಸರುಗಳಿಗೂ ಗೊತ್ತಿಲ್ಲ ಎಂಬ ಜಂಬ ಬೇರೆ.

ಈ ಸಲ ಸಿಡ್ನಿಯದೇ ಬಡಾವಣೆ ಲಿವರ್‌ಪೂಲ್‌ನ ಚಂದ್ರಪ್ರಭಾ ಮಗಳಿಗೆ ಕೋರ್ಸ್ ನೋಡಲು ಬಂದಿದ್ದರು. ಕನ್ನಡದವರು ಸಿಕ್ಕ ಖುಷಿಗೆ ಡಿಕ್ಸನ್‌ಗೆ ರೆಕ್ಕೆ ಬಂತು. ತಗಡಿನ ಶೆಡ್ಡಿನ ಬೈಬಲ್ ಶಾಲೆ ಯೂನಿವರ್ಸಿಟಿಯಾದ ಕಥೆಯನ್ನೆಲ್ಲ ಹೇಳಿ, ಅಲ್ಲಿನ ಪ್ರಾರ್ಥನಾಮಂದಿರ ಚಾಪೆಲ್‌ನೊಳಗಿನ ದೊಡ್ಡ ನೀರಿನ ತೊಟ್ಟಿಯ ಮುಂದೆ ನಿಂತ.

“ನೋಡಿ ಮೇಡಂ, ಇವರಲ್ಲಿ ಕೂಸುಗಳಿಗೆ ದೀಕ್ಷಾಸ್ನಾನ ಕೊಡುದಿಲ್ಲ. ದೊಡ್ಡವರಾಗಿ, ಸ್ವಂತ ಬುದ್ಧಿಯಿಂದ ನಂಬಿದವರು ಮಾತ್ರ ಇದರಲ್ಲಿ ಮುಳುಗುದು. ಅಭ್ಯಾಸಬಲದ ಭಕ್ತಿ ಇಲ್ಲಿ ನಡೆಯುದಿಲ್ಲ.”

ಹಾಗೆನ್ನುತ್ತಿದ್ದಂತೆಯೇ ಅವನ ಬೆರಳು ತನ್ನಷ್ಟಕ್ಕೆ ನೀರಿಗಿಳಿದು, ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಹಾಕಿಕೊಂಡಿತು. ಊರಿನ ಚರ್ಚು, ಅಂದರೆ ಇಗರ್ಜಿಯ ಬಾಗಿಲಲ್ಲಿಟ್ಟ ಪವಿತ್ರ ಜಲದಲ್ಲಿ ಬೆರಳದ್ದಿ ಚಿಕ್ಕಂದಿನಿಂದ ಮಾಡಿದ್ದು; ಬೆರಳಿಗೆ ಬ್ಯಾಪ್ಟಿಸ್ಟರ ಇತಿಹಾಸ ಯಾರು ಹೇಳಬೇಕು?

ಅದನ್ನು ಕಂಡ ಚಂದ್ರಪ್ರಭಾ ಥಟ್ಟನೆ ಚಪ್ಪಲಿ ಕಳಚಿಟ್ಟು, ಭಕ್ತಿಯಿಂದ ಬೊಗಸೆ ತುಂಬ ನೀರೆತ್ತಿದರು. “ತೀರ್ಥ ಕುಡೀಬಹುದಲ್ವಾ?”

“ಅಯ್ಯೋ, ಬೇಡ ಮಾರಾಯ್ರೇ!” ಡಿಕ್ಸನ್ ಕೂಗಿಕೊಂಡ. “ತೀರ್ಥವೂ ಅಲ್ಲ, ನನ್ನ ತಲೆಯೂ ಅಲ್ಲ! ಬೆಳಿಗ್ಗೆ ನಾನೇ ಕ್ಲೋರಿನ್ ಸುರಿದ ನೀರದು!”